ಕೊಡದೆ ಕಳಿಸುವುದೂ ಅವರ ಕೆಲಸವೇ

ರುಮಟಾಯ್ಡ್ ಸಂಧಿವಾತಕ್ಕೆ ವೈದ್ಯರು ಬರೆಯುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಮೂಲತಃ ಇದು ಕ್ಯಾನ್ಸರಿನ ಔಷಧ. ಕೀಲುಗಳ ಉರಿಯೂತಕ್ಕೆ ತೀರಾ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ವಾರಕ್ಕೊಮ್ಮೆ ಎಂದದ್ದನ್ನು ರೋಗಿ ದಿನಕ್ಕೊಮ್ಮೆ ಎಂದುಕೊಂಡರೆ ಕೆಲವೇ ದಿನಗಳಲ್ಲಿ ಬಾಯಿತುಂಬ ಹುಣ್ಣಾಗುತ್ತದೆ, ಆಮೇಲೆ ಜ್ವರ ಬರುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದು ಕುಸಿಯುತ್ತದೆ. ಹೀಗೆ ಜೀವ ಹೋದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಮೆಥೊಟ್ರೆಕ್ಸೇಟ್ ಜೊತೆಗೇ ಸಾಮಾನ್ಯವಾಗಿ ಫೋಲಿಕ್ ಆಸಿಡ್ ಮಾತ್ರೆಯನ್ನೂ ಬರೆದಿರುತ್ತಾರೆ. ನಮ್ಮಲ್ಲಿ ಸಿಗುವ ಒಂದು ಮೆಥೊಟ್ರೆಕ್ಸೇಟ್ ಬ್ರಾಂಡಿನ ಹೆಸರು ಫೋಲಿಟ್ರ್ಯಾಕ್ಸ್. ಫೋಲಿಕ್ ಆಸಿಡ್ ಬ್ರಾಂಡೊಂದರ ಹೆಸರು ಫೋಲ್ವೈಟ್. ಅವಸರದಲ್ಲಿ ಗೀಚಿದ ಚೀಟಿಯಲ್ಲಿ ಎರಡನ್ನೂ ಊಹಿಸಿಕೊಳ್ಳಿ.

"ಅಮ್ಮಾ, ಇದನ್ನ ವಾರದಲ್ಲಿ ಯಾವ ದಿನ ತಗೊಳ್ಳಿ ಅಂದಿದ್ದಾರೆ?"

ಔಷಧ ಅಂಗಡಿಯಲ್ಲಿ ಹೀಗೊಂದು ಪ್ರಶ್ನೆ ಬಂದು, ಅದಕ್ಕೆ ಆಕೆ "ದಿನಾ ರಾತ್ರಿ ಊಟ ಆದ್ಮೇಲೆ ಅಲ್ವೇನಪ್ಪಾ?" ಎಂದರೆ ಅಲ್ಲಿಗೆ ಒಂದು ಅನಾಹುತ ತಪ್ಪಿದಂತೆ. ಇದು ವೈದ್ಯರಿಗೆ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ, ಬಿಲ್ಲಿನಲ್ಲಂತೂ ಕಾಣುವುದೇ ಇಲ್ಲ. ಫಾರ್ಮಸಿಸ್ಟರ ವೃತ್ತಿಧರ್ಮದ ಬಗ್ಗೆ ನಿಯಮಗಳು ಪುಟಗಟ್ಟಲೆ ಇವೆ. ಅವನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಮಾತ್ರೆ ಕೈಗಿಡುವ ಮುನ್ನ ಒಮ್ಮೆ ತಡೆದು ಕೇಳುವುದು, ಬೇಕಾದರೆ ಕೊಡದೇ ಇರುವುದು, ಇದೇ ಆ ವೃತ್ತಿಯ ತಿರುಳು. ಉಳಿದದ್ದು ವ್ಯಾಪಾರ. ವ್ಯಾಪಾರವೂ ನಡೆಯಬೇಕು, ಅಂಗಡಿ ಬಾಡಿಗೆ ಕಟ್ಟಬೇಕಲ್ಲ. ಆದರೆ ಗಿರಾಕಿ ದುಡ್ಡು ಹಿಡಿದು ನಿಂತಿರುವಾಗ "ಇದು ನಿಮಗೆ ಬೇಡ" ಎಂದು ಹೇಳಬೇಕಾದ ಅಂಗಡಿ ನಮ್ಮ ಪೇಟೆಬೀದಿಯಲ್ಲಿ ಇನ್ನೊಂದಿಲ್ಲ.

ಈ ವೃತ್ತಿಗೆ ನಮ್ಮ ದೇಶದಲ್ಲಿ ವಯಸ್ಸು ಹೆಚ್ಚೇನೂ ಆಗಿಲ್ಲ. ನೂರು ವರ್ಷದ ಹಿಂದೆ ಇಲ್ಲಿ ಯಾರು ಬೇಕಾದರೂ ಔಷಧ ಮಾರಬಹುದಿತ್ತು. ಮಲೇರಿಯಾಕ್ಕೆ ಕೊಡುವ ಕ್ವಿನೈನ್‌ನಲ್ಲೇ ಕಲಬೆರಕೆ ನಡೆಯುತ್ತಿತ್ತು. ದೂರುಗಳು ಹೆಚ್ಚಿದಾಗ ಸರ್ಕಾರ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಔಷಧಕ್ಕೊಂದು ಕಾನೂನು ಬೇಕು, ಔಷಧ ಕೊಡುವವರಿಗೆ ಓದು ಬೇಕು ಎಂದು ಆ ಸಮಿತಿ ಹೇಳಿತು. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ಪಾಠ ಶುರುಮಾಡಿದರು. ಮುಂದೆ 1940ರಲ್ಲಿ ಔಷಧ ಕಾಯ್ದೆ ಬಂತು, 1948ರಲ್ಲಿ ಫಾರ್ಮಸಿ ಕಾಯ್ದೆ. ವೈದ್ಯರ ಚೀಟಿಗೆ ಔಷಧ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರೇ ಮಾಡಬೇಕು ಎಂದು ಈ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಸಾಲದು, ಅವರೇ ಕೊಡಬೇಕು.

ಇನ್ನು ಕಟಕಟೆಯ ಹಿಂದೆ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹೇಳುವವರು ಕಡಿಮೆ. ಗೋಡೆಯ ಮೇಲೆ ಫೋಟೋ ಸಮೇತ ಒಬ್ಬರ ಸರ್ಟಿಫಿಕೇಟ್ ಇರುತ್ತದೆ. ಔಷಧ ಕೊಡುವವನು ಪಿಯುಸಿ ಬಿಟ್ಟು ಬಂದ ಹುಡುಗ. ಫೋಟೋದಲ್ಲಿರುವವರು ಬೇರೆಲ್ಲೋ ನೌಕರಿಯಲ್ಲಿದ್ದು ತಿಂಗಳಿಗಿಷ್ಟು ಎಂದು ಸರ್ಟಿಫಿಕೇಟಿನ ಬಾಡಿಗೆ ಪಡೆಯುತ್ತಾರೆ. ಭಾರತೀಯ ಫಾರ್ಮಸಿ ಪರಿಷತ್ತು 2015ರಲ್ಲಿ ತಂದ ವೃತ್ತಿ ನಿಯಮಗಳು ಇದನ್ನು ವೃತ್ತಿದ್ರೋಹ ಎಂದೇ ಹೆಸರಿಸಿವೆ. ನಕಲಿ ಫಾರ್ಮಸಿಸ್ಟರ ಕುರಿತ ಬಿಹಾರದ ಪ್ರಕರಣವೊಂದರಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಫಾರ್ಮಸಿಸ್ಟ್ ಇಲ್ಲದೆ ಔಷಧ ಕೊಡುವುದು ಕೊನೆಗೆ ಜನರ ಆರೋಗ್ಯಕ್ಕೇ ಪೆಟ್ಟು ಎಂದಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಸಲ ಬ್ರಾಂಡುಗಳ ಹೆಸರು ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ. ಯಾವ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಾನೆ. ಆ ಮಾತ್ರೆ ಮೈಯೊಳಗೆ ಹೋಗಿ ಇನ್ನೊಂದು ಮಾತ್ರೆಯ ಜೊತೆ ಏನು ಮಾಡುತ್ತದೆ ಎಂಬುದನ್ನು ಅವನಿಗೆ ಯಾರೂ ಕಲಿಸಿಲ್ಲ.

ಮೊಣಕಾಲು ನೋವಿನ ಗುಳಿಗೆಯನ್ನೇ ತೆಗೆದುಕೊಳ್ಳಿ. ಅರವತ್ತೈದು ದಾಟಿದ ಅಜ್ಜ ಡೈಕ್ಲೊಫೆನಾಕ್ ಕೇಳುತ್ತಾರೆ. ಅವರು ಮೊದಲೇ ಬಿಪಿಗೆ ಎನಲಾಪ್ರಿಲ್ ತರಹದ ಮಾತ್ರೆಯನ್ನೂ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನುಂಗುತ್ತಿದ್ದರೆ, ಈ ಮೂರೂ ಸೇರಿ ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನೇ ತಗ್ಗಿಸುತ್ತವೆ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದಿದ್ದರೆ, ವಾಂತಿಭೇದಿ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ನುಂಗುವವರಿಗೆ ಅದೇ ನೋವಿನ ಗುಳಿಗೆ ಹೊಟ್ಟೆಯೊಳಗೆ ರಕ್ತಸ್ರಾವ ತರಬಹುದು. "ಬಿಪಿ ಮಾತ್ರೆ ತಗೋತೀರಾ ಯಜಮಾನ್ರೇ? ರಕ್ತ ತೆಳು ಮಾಡೋ ಮಾತ್ರೆ?" ಎಂದು ಕೇಳುವಷ್ಟು ಹೊತ್ತು ಪ್ಯಾರಸಿಟಮಾಲ್ ಪಟ್ಟಿ ಹುಡುಕುವಷ್ಟು ಹೊತ್ತಿಗಿಂತ ಹೆಚ್ಚೇನಲ್ಲ.

2015ರ ನಿಯಮಗಳಲ್ಲಿ ಈ ಮಾತುಕತೆಗೆ ಆಪ್ತ ಸಲಹೆಯ ಸ್ಥಾನವಿದೆ. ಔಷಧ ಯಾವುದು, ಯಾತಕ್ಕೆ, ಎಷ್ಟು ದಿನ, ಸಾಮಾನ್ಯವಾಗಿ ಬರುವ ಅಡ್ಡಪರಿಣಾಮ ಏನು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಎಲ್ಲಿಡಬೇಕು, ಇವನ್ನೆಲ್ಲ ರೋಗಿಗೆ ವಿವರಿಸುವುದು ಫಾರ್ಮಸಿಸ್ಟರ ಕರ್ತವ್ಯ. ಅಮೆರಿಕದ ಚಾರ್ಲ್ಸ್ ಹೆಪ್ಲರ್ ಮತ್ತು ಲಿಂಡಾ ಸ್ಟ್ರ್ಯಾಂಡ್ ಎಂಬ ಇಬ್ಬರು ಪ್ರಾಧ್ಯಾಪಕರು 1990ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದ್ದರು: ಔಷಧ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅದರಿಂದ ರೋಗಿಗೆ ಒಳ್ಳೆಯದಾಗುವ ಹೊಣೆಯಲ್ಲೂ ಫಾರ್ಮಸಿಸ್ಟರ ಪಾಲಿದೆ. ನಮ್ಮಲ್ಲಿ ಆಸ್ಪತ್ರೆಯ ವಾರ್ಡಿಗೇ ಫಾರ್ಮಸಿಸ್ಟರನ್ನು ಕರೆತರುವ ಪಾಠ ಬೇರುಬಿಟ್ಟ ಜಾಗಗಳಲ್ಲಿ ಮೈಸೂರಿನ ಜೆಎಸ್ಎಸ್ ಕಾಲೇಜೂ ಒಂದು. 2008ರಿಂದ ದೇಶದಲ್ಲಿ ಫಾರ್ಮ್ ಡಿ ಎಂಬ ಆರು ವರ್ಷದ ಕೋರ್ಸೂ ಇದೆ. ಹಾಗೆ ಓದಿ ಬಂದವರಲ್ಲಿ ಊರಿನ ಮೆಡಿಕಲ್ ಶಾಪಿಗೆ ಬರುವವರು ಅಪರೂಪ, ಅದು ಬೇರೆ ಮಾತು.

ಚೀಟಿ ಇಲ್ಲದೆ ಕೊಡಬಾರದ ಔಷಧಗಳ ಪಟ್ಟಿಯನ್ನು ಶೆಡ್ಯೂಲ್ ಎಚ್ ಎನ್ನುತ್ತಾರೆ. ಅದನ್ನು ಯಾರೂ ಲೆಕ್ಕಕ್ಕಿಡುತ್ತಿಲ್ಲ ಎಂದಾದಾಗ ಸರ್ಕಾರ 2013ರಲ್ಲಿ ಎಚ್1 ಎಂಬ ಇನ್ನೊಂದು ಪಟ್ಟಿ ಮಾಡಿತು, ಅದು 2014ರ ಮಾರ್ಚ್‌ನಿಂದ ಜಾರಿಗೆ ಬಂತು. ಮೊದಲಿಗೆ ಅದರಲ್ಲಿದ್ದದ್ದು 46 ಔಷಧಗಳು: ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್, ಮೆರೊಪೆನೆಮ್‌ನಂಥ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಆಲ್ಪ್ರಜೋಲಮ್, ಟ್ರಮಡಾಲ್. ಇವನ್ನು ಕೊಟ್ಟರೆ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧದ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2016ರಿಂದ ಆಂಟಿಬಯಾಟಿಕ್ ಪಟ್ಟಿಗಳ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರವೂ ನಡೆಯಿತು. ಆದರೂ "ಗಂಟಲು ನೋವು, ಎರಡು ಮಾತ್ರೆ ಕೊಡಿ" ಎಂಬ ಮಾತು ನಿಂತಿಲ್ಲ. ಎರಡು ಮಾತ್ರೆಗೆ ಸಾಯುವುದು ದುರ್ಬಲ ರೋಗಾಣುಗಳು ಮಾತ್ರ. ಗಟ್ಟಿಯಾದವು ಉಳಿದು ಸಂತಾನ ಬೆಳೆಸುತ್ತವೆ. ಇಲ್ಲಿ ತಪ್ಪನ್ನೆಲ್ಲ ಅಂಗಡಿಯವರ ತಲೆಗೆ ಕಟ್ಟಲು ನಾನು ತಯಾರಿಲ್ಲ. ಕೊಡುವುದಿಲ್ಲ ಎಂದ ಅಂಗಡಿಗೆ ನಾವು ಮತ್ತೆ ಕಾಲಿಡುವುದಿಲ್ಲ. ಎದುರು ಸಾಲಿನವನು ಕೊಟ್ಟೇ ಕೊಡುತ್ತಾನೆ. ನಿಯತ್ತಿನವನಿಗೆ ಗಿರಾಕಿ ಹೋದ, ಕಾನೂನು ಮುರಿದವನಿಗೆ ಗಿರಾಕಿ ಸಿಕ್ಕಿದ. ಹೀಗೆ ಪ್ರಾಮಾಣಿಕರಿಗೇ ದಂಡ ಬೀಳುವ ಕಡೆ ಬರೀ ಪ್ರತಿಜ್ಞಾವಿಧಿ ಓದಿಸಿದರೆ ಏನೂ ಆಗದು, ಔಷಧ ನಿಯಂತ್ರಣ ಇಲಾಖೆಯ ತನಿಖಾಧಿಕಾರಿ ಎದುರು ಸಾಲಿಗೂ ಹೋಗಬೇಕು.

ಚರ್ಮದ ಕ್ರೀಮಿನ ಕತೆ ಇನ್ನೂ ವಿಚಿತ್ರ. ತೊಡೆಸಂದಿಯ ಗಜಕರ್ಣಕ್ಕೆ ನಾಚಿಕೊಂಡು ಯಾರೂ ವೈದ್ಯರ ಬಳಿ ಹೋಗುವುದಿಲ್ಲ. ಅಂಗಡಿಯಲ್ಲಿ ಮೆಲ್ಲಗೆ "ತುರಿಕೆಗೆ ಒಂದು ಕ್ರೀಮ್ ಕೊಡಿ" ಎನ್ನುತ್ತಾರೆ. ಕೈಗೆ ಬರುವುದು ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬು. ಹಚ್ಚಿದ ಎರಡನೇ ದಿನಕ್ಕೇ ತುರಿಕೆ ಮಾಯ, ಕೆಂಪು ಮಾಯ. ಸ್ಟೀರಾಯ್ಡ್ ಮಾಡಿದ್ದು ಅಷ್ಟೇ: ಮೈಯ ಪ್ರತಿರೋಧವನ್ನು ಮಲಗಿಸಿದ್ದು. ಶಿಲೀಂಧ್ರಕ್ಕೆ ಅದು ಒಳ್ಳೆಯ ಕಾಲ. ಬಿಟ್ಟ ಕೂಡಲೇ ಇಮ್ಮಡಿಯಾಗಿ ಹೊಟ್ಟೆ, ಬೆನ್ನಿನವರೆಗೂ ಹಬ್ಬುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂತೆ ಬಿರುಕು ಗೆರೆಗಳು ಮೂಡುತ್ತವೆ, ಅವು ಹೋಗುವುದಿಲ್ಲ. ಇದೇ ಟ್ಯೂಬನ್ನು ಮುಖ ಬೆಳ್ಳಗಾಗಲೆಂದು ಹಚ್ಚುವ ಹುಡುಗಿಯರೂ ಇದ್ದಾರೆ. ಚರ್ಮರೋಗ ತಜ್ಞರು ವರ್ಷಗಟ್ಟಲೆ ಗೋಗರೆದ ಮೇಲೆ 2018ರಲ್ಲಿ ಹಚ್ಚುವ ಸ್ಟೀರಾಯ್ಡ್‌ಗಳು ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿದವು. ತುರಿಕೆಗೆ ಬಂದವರಿಗೆ ಈ ಟ್ಯೂಬು ಕೊಡದೆ ಕಳಿಸಿದ ಫಾರ್ಮಸಿಸ್ಟ್ ಕಳೆದುಕೊಳ್ಳುವ ಲಾಭ ಕೆಲವೇ ರೂಪಾಯಿ. ಬೈಸಿಕೊಳ್ಳುವುದು ಮಾತ್ರ ಜಾಸ್ತಿ.

ಕೊಡಬೇಕಾದ್ದನ್ನು ಸರಿಯಾಗಿ ಕೊಡುವುದರಲ್ಲೂ ಇಕ್ಕಟ್ಟುಗಳಿವೆ. ನಮ್ಮಲ್ಲಿ ಇನ್ಸುಲಿನ್ ಸೀಸೆಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳ. ಅದಲುಬದಲಾಯಿತೆನ್ನಿ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್, ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ತಿರುಗುಮುರುಗಾದರೆ ಬರೀ 8 ಯೂನಿಟ್. ಶುಗರ್ ಯಾಕೆ ಇಳಿಯುತ್ತಿಲ್ಲ ಎಂದು ವೈದ್ಯರು ಡೋಸ್ ಏರಿಸುತ್ತ ಹೋಗುತ್ತಾರೆ. ಸೀಸೆ ಮತ್ತು ಸಿರಿಂಜನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಕೊಡುವುದು ಅಂಗಡಿಯಲ್ಲಲ್ಲದೆ ಇನ್ನೆಲ್ಲೂ ಆಗದ ಕೆಲಸ.

ಹೆಸರುಗಳ ಗೊಂದಲ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳು ಮಲೇರಿಯಾ ಔಷಧಕ್ಕೆ ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂದು ಹೆಸರಿಟ್ಟು ಕಿತ್ತಾಡಿದಾಗ, 2001ರ ತೀರ್ಪಿನಲ್ಲಿ ನ್ಯಾಯಾಲಯ ಔಷಧಗಳ ಹೆಸರಿಗೆ ಬೇರೆ ಸರಕಿಗಿಂತ ಕಟ್ಟುನಿಟ್ಟಿನ ಅಳತೆಗೋಲು ಬೇಕು, ಇಲ್ಲಿ ಗೊಂದಲವಾದರೆ ಪ್ರಾಣಕ್ಕೇ ಕುತ್ತು ಎಂದಿತು. 2016ರಲ್ಲಿ ವೈದ್ಯಕೀಯ ಪರಿಷತ್ತು ಚೀಟಿಯನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ, ಔಷಧದ ಮೂಲ ಹೆಸರಿನಲ್ಲಿ ಬರೆಯಿರಿ ಎಂದಿತು. 2024ರಲ್ಲಿ ನಮ್ಮ ರಾಜ್ಯದ ಕೆಲವು ವೈದ್ಯರು ಕನ್ನಡದಲ್ಲೇ ಚೀಟಿ ಬರೆದು ಸುದ್ದಿಯಾದರು. ಸಂತೋಷವೇ. ಆದರೆ ರೋಗಿಗೆ ಕನ್ನಡ ಹೆಚ್ಚು ಬೇಕಾಗಿರುವುದು ಮಾತ್ರೆಯ ಕವರಿನ ಮೇಲೆ. 1-0-1 ಎಂಬ ಗುರುತು ಓದು ಬಾರದವರಿಗೆ ಏನನ್ನೂ ಹೇಳುವುದಿಲ್ಲ. ಸೂರ್ಯ, ಚಂದ್ರನ ಚಿತ್ರ ಬರೆದುಕೊಡುವ ಫಾರ್ಮಸಿಸ್ಟರು ಹಳ್ಳಿಗಳ ಕಡೆ ಇದ್ದಾರೆ. ಇನ್ನೊಂದು ಸಣ್ಣ ಸಂಗತಿ, ಸಣ್ಣದೆಂದೇ ಯಾರೂ ಗಮನಿಸದ್ದು: ಹತ್ತರ ಪಟ್ಟಿಯಿಂದ ಮೂರು ಮಾತ್ರೆ ಕತ್ತರಿಸುವಾಗ ಹೆಸರು, ಬ್ಯಾಚ್ ನಂಬರ್, ಮುಗಿಯುವ ದಿನಾಂಕ ಇರುವ ತುದಿ ಯಾರ ಪಾಲಿಗೆ ಹೋಯಿತು? ಅಂಗಡಿಯಲ್ಲಿ ಉಳಿಯುವ ತುಂಡಿನಲ್ಲಿ ಅದು ಇರಲೇಬೇಕು, ರೋಗಿಯ ಕವರಿನ ಮೇಲೆ ಪೆನ್ನಿನಲ್ಲಾದರೂ ಬರೆಯಬೇಕು.

ಗುಟ್ಟು ಕಾಯುವುದು ಕಾನೂನಿನ ಮಾತೂ ಹೌದು, ಮರ್ಯಾದೆಯ ಮಾತೂ ಹೌದು. ಹತ್ತು ಜನ ನಿಂತ ಕಡೆ "ಇದು ತಲೆಕೆಟ್ಟವರಿಗೆ ಕೊಡೋ ಮಾತ್ರೆ, ಯಾರಿಗೆ?" ಎಂದು ಕೂಗಿ ಕೇಳಿದರೆ ಆ ಮನೆಯವರು ಮುಂದಿನ ತಿಂಗಳು ಬರುವುದಿಲ್ಲ, ರೋಗಿಯ ಔಷಧ ನಿಂತುಹೋಗುತ್ತದೆ. ಇಲ್ಲಿ ಎರಡು ಕೋರಿಕೆಗಳನ್ನು ಹೋಲಿಸಿ ನೋಡಬೇಕು. ಯುವತಿಯೊಬ್ಬಳು ತುರ್ತು ಗರ್ಭನಿರೋಧಕ ಮಾತ್ರೆ ಕೇಳಿದರೆ, 2005ರಿಂದ ಅದಕ್ಕೆ ಚೀಟಿಯೇ ಬೇಕಿಲ್ಲ. 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು ಎಂದು ಹೇಳಿ ಕೊಡುವುದಷ್ಟೇ ಕೆಲಸ. ಕೊರಳಲ್ಲಿ ತಾಳಿ ಇದೆಯೇ ಎಂದು ನೋಡುವ ಹಕ್ಕು ಯಾರಿಗೂ ಇಲ್ಲ. ಗರ್ಭಪಾತದ ಮಾತ್ರೆ ಕಿಟ್ ಕೇಳಿದರೆ ಮಾತ್ರ ವೈದ್ಯರ ಚೀಟಿ ಇಲ್ಲದೆ ಕೊಡಬಾರದು. ಗರ್ಭ ನಾಳದಲ್ಲಿ ನಿಂತಿದ್ದರೆ, ವಾರಗಳ ಲೆಕ್ಕ ತಪ್ಪಿದ್ದರೆ ರಕ್ತಸ್ರಾವದಿಂದ ಜೀವಕ್ಕೆ ಅಪಾಯ. ನಮ್ಮ ಎಷ್ಟೋ ಅಂಗಡಿಗಳಲ್ಲಿ ನಡೆಯುವುದು ತದ್ವಿರುದ್ಧ: ಮೊದಲನೆಯದಕ್ಕೆ ಹುಬ್ಬು ಏರುತ್ತದೆ, ಎರಡನೆಯದು ಕಪ್ಪು ಕವರಿನಲ್ಲಿ ಸದ್ದಿಲ್ಲದೆ ಕೈಬದಲಾಗುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಕಾನೂನೇ ಇಲ್ಲಿ ಸ್ವಲ್ಪ ತೊಡಕಾಗಿದೆ. ಚೀಟಿಯಲ್ಲಿ ಬರೆದ ಬ್ರಾಂಡಿನ ಬದಲು ಅದೇ ಔಷಧದ ಇನ್ನೊಂದು ಬ್ರಾಂಡನ್ನು ಫಾರ್ಮಸಿಸ್ಟ್ ತಾವಾಗಿ ಕೊಡುವಂತಿಲ್ಲ. ಬೆಲೆ ನಿಯಂತ್ರಣದಲ್ಲಿರುವ ಔಷಧಗಳಿಗೆ ಚಿಲ್ಲರೆ ಅಂಗಡಿಗೆ ಶೇ 16ರಷ್ಟು ಲಾಭಾಂಶ ಗೊತ್ತುಮಾಡಲಾಗಿದೆ. ಅಂದರೆ ದುಬಾರಿ ಬ್ರಾಂಡು ಹೋದಷ್ಟೂ ಅಂಗಡಿಗೆ ಒಳ್ಳೆಯದು, ಬಡ ರೋಗಿಗೆ "ಇದೇ ಔಷಧ ಜನೌಷಧಿಯಲ್ಲಿ ಕಡಿಮೆಗೆ ಸಿಗುತ್ತೆ" ಎಂದು ಹೇಳಿದವರಿಗೆ ಏನೂ ಇಲ್ಲ. ಬದಲಿ ಕೊಡುವ ಅಧಿಕಾರವನ್ನು ಓದಿದ ಫಾರ್ಮಸಿಸ್ಟರಿಗೆ, ವೈದ್ಯರಿಗೆ ತಿಳಿಸುವ ಷರತ್ತಿನ ಮೇಲೆ, ಕೊಡಬೇಕೆಂಬುದು ನನ್ನ ಅಭಿಪ್ರಾಯ. ಸರ್ಟಿಫಿಕೇಟ್ ಬಾಡಿಗೆಗೆ ಹೋಗುವ ತನಕ ಆ ಅಧಿಕಾರ ಯಾರ ಕೈಗೆ ಬೀಳುತ್ತದೆಂಬ ಭಯವೂ ಇದೆ.

ತಪ್ಪಾದರೆ? 2007ರಲ್ಲಿ ಇಂಗ್ಲೆಂಡಿನ ಫಾರ್ಮಸಿಸ್ಟ್ ಒಬ್ಬರು ಪ್ರೆಡ್ನಿಸೊಲೋನ್ ಬದಲು ಪ್ರೊಪ್ರನೊಲಾಲ್ ಕೊಟ್ಟರು. 2009ರಲ್ಲಿ ಅವರಿಗೆ ಜೈಲುಶಿಕ್ಷೆಯಾಗಿ, ಅದನ್ನು ಅಮಾನತಿನಲ್ಲಿಡಲಾಯಿತು; ಮರುವರ್ಷ ಮೇಲ್ಮನವಿಯಲ್ಲಿ ಅದು 300 ಪೌಂಡ್ ದಂಡಕ್ಕೆ ಇಳಿಯಿತು. ಜೈಲಿನ ಭಯವಿದ್ದರೆ ತಪ್ಪನ್ನು ಯಾರು ಬಾಯಿಬಿಡುತ್ತಾರೆ ಎಂದು ಆ ದೇಶದ ಫಾರ್ಮಸಿಸ್ಟರು ವಾದಿಸಿದರು. 2018ರಲ್ಲಿ ಅಲ್ಲಿ ಕಾನೂನು ಬದಲಾಗಿ, ಉದ್ದೇಶವಿಲ್ಲದೆ ಆದ ಎಡವಟ್ಟಿಗೆ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಸಿಕ್ಕಿತು. ನಮ್ಮಲ್ಲಿ ಇಂಥದ್ದು ಮಾತ್ರೆ ಬದಲಾಯಿಸಿಕೊಟ್ಟು "ಸಾರಿ ಸರ್" ಎಂಬಲ್ಲಿಗೆ ಮುಗಿಯುತ್ತದೆ. ಅದರಿಂದ ಬೇರೆಯವರು ಕಲಿಯುವುದಿಲ್ಲ.

ಔಷಧದಿಂದಲೇ ತೊಂದರೆಯಾದರೆ ವರದಿ ಮಾಡುವ ದಾರಿ ನಮ್ಮಲ್ಲೂ ಇದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದು ಈಗ ಗಾಜಿಯಾಬಾದಿನಿಂದ ನಡೆಯುತ್ತಿದೆ. 1800-180-3024ಕ್ಕೆ ರೋಗಿಯೂ ಕರೆ ಮಾಡಬಹುದು, ಫಾರ್ಮಸಿಸ್ಟರೂ ಮಾಡಬಹುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತಾಗ, ಬಾಟಲಿ ಕೊಟ್ಟ ಅಂಗಡಿಯವರಿಗೆ ಅದನ್ನು ಕಣ್ಣಿನಿಂದ ಕಂಡುಹಿಡಿಯಲು ಸಾಧ್ಯವಿರಲಿಲ್ಲ. ಆದರೆ ಅಂಥ ಬ್ಯಾಚನ್ನು ವಾಪಸ್ ಕರೆಸುವಾಗ ಯಾರ ಮನೆಯಲ್ಲಿ ಅದೇ ಬಾಟಲಿ ಇದೆ ಎಂದು ಹುಡುಕಲು ಇರುವ ದಾರಿ ಬ್ಯಾಚ್ ನಂಬರ್ ಬರೆದ ಬಿಲ್ಲು. ಬಿಲ್ ಬೇಡ ಎನ್ನುವ ಗಿರಾಕಿಗೂ ಬಿಲ್ ಕೊಡಬೇಕು.

ಕೆಮ್ಮಿನ ಮಾತು ಬಂದದ್ದರಿಂದ ಕ್ಷಯದ ವಿಷಯ ಹೇಳಿ ಮುಗಿಸುತ್ತೇನೆ. 2018ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಕ್ಷಯದ ಔಷಧ ಮಾರಿದ ಅಂಗಡಿಯವರೂ ರೋಗಿಯ ವಿವರವನ್ನು ಆರೋಗ್ಯ ಇಲಾಖೆಗೆ ತಿಳಿಸಬೇಕು. ಗುಟ್ಟು ಕಾಯಬೇಕೆಂಬ ಧರ್ಮಕ್ಕೆ ಇದು ವಿರುದ್ಧವಲ್ಲವೇ ಎಂದು ಕೇಳಬಹುದು. ವಿವರ ಹೋಗುವುದು ಇಲಾಖೆಗೆ ಮಾತ್ರ, ಬೀದಿಗಲ್ಲ. ಚಿಕಿತ್ಸೆ ನಡುವೆ ನಿಲ್ಲದಂತೆ, ಮನೆಯವರ ತಪಾಸಣೆ ಆಗುವಂತೆ ನೋಡಿಕೊಳ್ಳಲು. ಅದಕ್ಕೂ ಮೊದಲಿನ ಹಂತ ಇನ್ನೂ ಮುಖ್ಯ. ಒಬ್ಬರೇ ಮೂರನೇ ವಾರವೂ ಕೆಮ್ಮಿಗೆಂದು ಬಂದು, "ಆ ಸಿರಪ್ಪಿಗೆ ಕಡಿಮೆ ಆಗಲಿಲ್ಲ, ಸ್ವಲ್ಪ ಸ್ಟ್ರಾಂಗಾಗಿ ಕೊಡಿ" ಎನ್ನುತ್ತಾರೆ. ಲೆವೊಫ್ಲಾಕ್ಸಸಿನ್ ಕೊಟ್ಟರೆ ಕ್ಷಯವಿದ್ದರೂ ಕೆಲವು ದಿನ ತಗ್ಗಿದಂತೆ ತೋರುತ್ತದೆ, ರೋಗ ಪತ್ತೆಯಾಗುವುದು ಅಷ್ಟು ತಡವಾಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಹತ್ತಿರದ ಆರೋಗ್ಯ ಕೇಂದ್ರ ಯಾವುದು, ಕಫ ಕೊಡಲು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಒಂದು ಖಾಲಿ ಕವರಿನ ಮೇಲೆ ಬರೆದುಕೊಟ್ಟರೆ ಅಂದು ಅಲ್ಲಿ ಮಾರಬೇಕಾದ್ದು ಬೇರೇನೂ ಇಲ್ಲ.